ಲಕ್ಷ್ಮಣನಿಗೆ ಬೇಕಿದ್ದ ಒಂದು ‘ಲೇ’

ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರುಗಳ ಯಾವ ಓಣಿಯಲ್ಲಿ ನಿಂತರೂ ಲಕ್ಷ್ಮಣನ ದನಿ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಆಟೋದ ಮೈಕಿನಲ್ಲಿ ‘ಇಂದು ಸಂಜೆಯವರೆಗೆ ಮಾತ್ರ’ ಎಂದು ಸೀರೆ ಮಾರುವವನು ಅವನೇ. ನಲ್ಲಿಯಲ್ಲಿ ಎರಡು ದಿನ ನೀರು ಬರುವುದಿಲ್ಲ ಎನ್ನುವವನೂ ಅವನೇ. ಯಾರೋ ಹಿರಿಯರು ತೀರಿಕೊಂಡರು, ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದು ಹೇಳುವಾಗ ದನಿಯನ್ನು ಎರಡು ಮೆಟ್ಟಿಲು ಕೆಳಗಿಳಿಸುವವನೂ ಅವನೇ. ದನಿ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಅವನೊಬ್ಬ ರ‍್ಯಾಪರ್ ಎನ್ನುವುದಂತೂ ಮೇಲಿರುವ ಅಲ್ಲಾಹನಿಗೆ ಗೊತ್ತು, ಕೆಳಗೆ ನನಗೆ ಗೊತ್ತು.

ನಾನು ವಸೀಮಾ. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ರೆಕಾರ್ಡಿಂಗ್ ಅಂಗಡಿ ಇದೆ. ಗಂಡ ತೀರಿಹೋದ ಮೇಲೆ ಅವರ ಮೈಕ್‌ಸೆಟ್ಟೆಲ್ಲ ಮಾರಿ ಒಂದು ಕಂಪ್ಯೂಟರ್ ತಂದೆ. ಒಳಕೋಣೆಯ ಗೋಡೆಗೆ ತತ್ತಿಯ ಟ್ರೇಗಳನ್ನು ಬಡಿದು, ಅದರ ಮೇಲೆ ಅಮ್ಮ ಹೊಲಿದ ಎರಡು ಕೌದಿ ಇಳಿಬಿಟ್ಟೆ. ಅದೇ ನನ್ನ ಸ್ಟುಡಿಯೋ. ನಗುವವರು ನಗಲಿ. ವಸೀಮಾಳ ನಾಲಿಗೆ ಹರಿತ ಎಂದು ಓಣಿಯಲ್ಲಿ ಹೆಸರಿದೆ, ಸುಳ್ಳೇನಲ್ಲ. ಆದರೆ ಈ ಕಥೆಯಲ್ಲಿ ಬೈಸಿಕೊಳ್ಳಬೇಕಾದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಯಾರ ಮಾತೇ ಆಗಲಿ, ಅದರ ಬಾಲ ನೋಡಬೇಕು. ಬಾಲದಲ್ಲಿ ‘ರೀ’ ಇದ್ದರೆ ಮರ್ಯಾದೆ, ‘ಲೇ’ ಇದ್ದರೆ ಸಲಿಗೆ. ತಾಯಿ ಮಗನನ್ನು ‘ಬಾರಲೇ’ ಎಂದು ಕರೆದರೆ ಅದು ಮುದ್ದು. ಗೆಳೆಯ ಕರೆದರೆ ಪ್ರೀತಿ. ಅದೇ ‘ಲೇ’ ಒಬ್ಬ ಸಾವ್ಕಾರನ ಬಾಯಿಂದ ಅವನ ಅಪ್ಪನ ವಯಸ್ಸಿನವರ ಮೇಲೆ ಬಿದ್ದರೆ ಆ ಕಥೆಯೇ ಬೇರೆ. ಒಂದೇ ಒಂದು ಅಕ್ಷರ, ಮನುಷ್ಯನನ್ನು ನಿಂತಲ್ಲೇ ಗೇಣುದ್ದ ಮಾಡಿಬಿಡುತ್ತದೆ.

ಲಕ್ಷ್ಮಣನ ಅಪ್ಪ ಬಸ್ಸಪ್ಪನವರು ಹುಟ್ಟಿದ್ದು ಸಿಂಧನೂರಿನ ಆಚೆ, ಕಾಲುವೆ ನೀರು ಹರಿಯುವ ಒಂದು ಹಳ್ಳಿಯ ಕೇರಿಯಲ್ಲಿ. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಕಡೆಯ ಗಿರಾಕಿಗಳು ನನಗೆ ತಪ್ಪುತ್ತಾರೆ; ಧೈರ್ಯ ನನಗೂ ಅಷ್ಟಕ್ಕಷ್ಟೇ. ಬಸ್ಸಪ್ಪನವರ ಅಪ್ಪ ಹಲಗೆ ಬಡಿದು ಡಂಗುರ ಸಾರುತ್ತಿದ್ದವರು. ‘ಕೇಳ್ರಪ್ಪೋ ಕೇಳ್ರಿ’ ಎಂದು ಊರಿಗೆಲ್ಲ ರೀ ಹಚ್ಚಿ ಕೂಗಿ, ಊರಿನವರಿಂದೆಲ್ಲ ಲೇ ಅನ್ನಿಸಿಕೊಂಡೇ ಸತ್ತರು. ಬಸ್ಸಪ್ಪನವರು ಹಲಗೆ ಮುಟ್ಟಲಿಲ್ಲ. ಹತ್ತನೇ ಕ್ಲಾಸು ಓದಿ ಊರಿನ ಹೈಸ್ಕೂಲಿನಲ್ಲಿ ಸಿಪಾಯಿಯಾದರು. ಮನೆಯ ಗೋಡೆಗೆ ಬುದ್ಧನ ಚಿತ್ರ ಬಂತು, ಮೈಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಬಂತು. ಮೂವತ್ತು ವರ್ಷ ಗಂಟೆ ಹೊಡೆದರು, ನೋಟೀಸು ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಓಡಾಡಿದರು. ಸರ್ಕಾರಿ ಪಗಾರ ಬಂತು, ರೀ ಮಾತ್ರ ಬರಲಿಲ್ಲ. ಸಾವ್ಕಾರರ ಮನೆಯ ಹನ್ನೆರಡು ವರ್ಷದ ಪೋರ ಕೂಡ ‘ಏ ಬಸ್ಸ್ಯಾ, ಬಾರಲೇ ಇಲ್ಲೆ’ ಎಂದು ಕರೆಯುತ್ತಿದ್ದ. ಇವರು ‘ಬಂದ್ನಿರಿ’ ಎಂದು ಹೋಗುತ್ತಿದ್ದರು.

ಇದನ್ನು ನೋಡುತ್ತಲೇ ಬೆಳೆದ ಹುಡುಗ ಲಕ್ಷ್ಮಣ. ಸಿಂಧನೂರಿನ ಕಾಲೇಜಿಗೆ ಸೇರಿದಾಗ ಗೆಳೆಯರ ಮೊಬೈಲಿನಲ್ಲಿ ಮೊದಲ ಸಲ ರ‍್ಯಾಪ್ ಕೇಳಿದನಂತೆ. ‘ಇದರಾಗ ಹೊಸಾದೇನೈತಲೇ, ನಮ್ಮ ತಾತ ಹಲಿಗಿ ಬಡದು ಇದನ್ನ ಮಾಡ್ತಿದ್ದ’ ಎಂದನಂತೆ. ಅಂದಿನಿಂದ ತನಗೆ ತಾನೇ ‘ಡಂಗುರ’ ಎಂದು ಹೆಸರಿಟ್ಟುಕೊಂಡ. ಐದು ವರ್ಷದ ಹಿಂದೆ ಮೊದಲ ಆಲ್ಬಂ ಬಿಟ್ಟ. ಅದರ ಹೆಸರು ‘ಕೇಳಲೇ’. ಪ್ರತಿ ಸಾಲಿನ ಕೊನೆಗೂ ಒಂದು ಲೇ, ಎಲ್ಲ ಸಾವ್ಕಾರರಿಗೆ.

‘ನಮ್ಮಪ್ಪಗ ಐವತ್ತೈದಲೇ, ನಿಮ್ಮ ಪೋರಗ ಹನ್ನೆರಡಲೇ,
ಯಾರು ಯಾರಿಗಿ ಲೇ ಅನಬೇಕು, ನೀನ ಹೇಳಲೇ.’

ಭತ್ತದ ಮಿಲ್ಲಿನ ಹಮಾಲರ ಫೋನಿನಲ್ಲಿ, ಟ್ರ್ಯಾಕ್ಟರಿನವರ ಸ್ಪೀಕರಿನಲ್ಲಿ ಹಾಡು ಹತ್ತೇ ದಿನದಲ್ಲಿ ಊರೂರು ತಿರುಗಿತು. ಹದಿನೈದನೆಯ ದಿನ ಸಾವ್ಕಾರರ ಮನೆಯಿಂದ ಕರೆ ಬಂತು. ಕರೆ ಬಂದದ್ದು ಲಕ್ಷ್ಮಣನಿಗಲ್ಲ, ಬಸ್ಸಪ್ಪನವರಿಗೆ.

ಹೊಡೆಯಲಿಲ್ಲ, ಬಡಿಯಲಿಲ್ಲ. ಸಣ್ಣ ಸಾವ್ಕಾರ ಅನಿಲಕುಮಾರ, ಆಗ ಅವನಿಗೆ ಮೂವತ್ತು ಇರಬೇಕು, ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಸ್ಸಪ್ಪನವರು ಕಟ್ಟೆಯ ಕೆಳಗೆ ನಿಂತರು, ಮಗ ಅವರ ಬೆನ್ನ ಹಿಂದೆ.

“ಮಗನ್ನ ಹೀಂಗ ಬೆಳಸೀಯೇನಲೇ?”

“ತಪ್ಪಾತ್ರಿ.”

“ಕೇಳಿಸಲಿಲ್ಲ. ಇನ್ನೊಮ್ಮಿ ಅನ್ನಲೇ.”

“ತಪ್ಪಾತ್ರಿ ಸಾವ್ಕಾರ್ರ.”

ಹೀಗೆ ಎರಡು ತಾಸು. ಲಕ್ಷ್ಮಣ ಹಾಡನ್ನು ಅವರ ಕಣ್ಣೆದುರೇ ಅಳಿಸಿಹಾಕಿದ. ಆದರೆ ಬಾಯಿ ತೆರೆಯಲಿಲ್ಲ, ಹಲ್ಲು ಕಚ್ಚಿ ನಿಂತಿದ್ದ. ‘ಅಪ್ಪನ ಪರವಾಗಿ ಒಂದು ಮಾತು ಆಡಲಿಲ್ಲ ನಾನು’ ಎಂದು ಇವತ್ತಿಗೂ ನಾಚಿಕೊಳ್ಳುತ್ತಾನೆ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಇಲ್ಲಿ ಸಿಟ್ಟು ಮಗನದು, ದವಡೆ ಅಪ್ಪನದು.

ಮನೆಗೆ ಬಂದರು. ಲಕ್ಷ್ಮಣನ ತಾಯಿ ಜೋಗಮ್ಮ ಇಬ್ಬರ ಮುಂದೆಯೂ ತಾಟು ಇಟ್ಟರು. ಬಸ್ಸಪ್ಪನವರು ರೊಟ್ಟಿ ಮುರಿಯುವ ಮೊದಲು ಮಗನ ಮುಖ ನೋಡಿ, “ಉಣ್ರಿ” ಎಂದರು.

ಬಾಯಿ ತಪ್ಪಿ ಬಂತು ಎಂದುಕೊಂಡ ಲಕ್ಷ್ಮಣ. ಬೆಳಿಗ್ಗೆ “ಎದ್ದೀರೇನ್ರಿ?” ಎಂದರು. ಮರುದಿನ “ಎಲ್ಲಿಗಿ ಹೊಂಟೀರಿ?” ಎಂದರು. ಹುಟ್ಟಿದಾಗಿನಿಂದ ‘ಲೇ ಲಕ್ಷ್ಮ್ಯಾ’ ಎಂದು ಹೆಗಲ ಮೇಲೆ ಹೊತ್ತು ತಿರುಗಿದ ಅಪ್ಪ, ಆ ದಿನದಿಂದ ಒಮ್ಮೆಯೂ ಲೇ ಅನ್ನಲಿಲ್ಲ. ಬೈಯಲಿಲ್ಲ, ಮಾತು ಬಿಡಲಿಲ್ಲ, ಮಾತಿನ ಬಾಲವನ್ನಷ್ಟೇ ಬದಲಿಸಿದರು. ಮುಂದಿನ ಬೇಸಿಗೆಗೆ ಮಸ್ಕಿಗೆ ವರ್ಗ ಮಾಡಿಸಿಕೊಂಡು ಹಳ್ಳಿಯನ್ನೇ ಬಿಟ್ಟರು. ಲಕ್ಷ್ಮಣ ಹಾಡು ಬಿಟ್ಟ. ಕೆಲಸ ಹುಡುಕುತ್ತ ನನ್ನ ಅಂಗಡಿಗೆ ಬಂದ. ದನಿ ಕೇಳಿ ಅವತ್ತೇ ಇಟ್ಟುಕೊಂಡೆ; ಅವತ್ತಿನಿಂದ ನಾನು ಅವನಿಗೆ ಆಪಾ, ಅಂದರೆ ಅಕ್ಕ.

ಎರಡು ವರ್ಷ ಅವನು ಇದಾವುದನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಬಿಳಿ ಅಂಗಿಯ ಹಿರಿಯರೊಬ್ಬರು ಬುತ್ತಿ ಹಿಡಿದು ಅಂಗಡಿಯ ಮೆಟ್ಟಿಲಲ್ಲಿ ನಿಂತರು.

“ಲಕ್ಷ್ಮಣ ಅವ್ರು ಅದಾರೇನ್ರಿ?”

“ಒಳಗ ರೆಕಾರ್ಡಿಂಗ್ ನಡದೈತ್ರಿ. ನೀವ್ಯಾರ‍್ರಿ?”

“ನಾ ಅವರ ಅಪ್ಪ ರೀ.”

ನಾನು ನಕ್ಕುಬಿಟ್ಟೆ. ಚೇಷ್ಟೆಯ ಮನುಷ್ಯ ಎಂದುಕೊಂಡೆ. ಅವರು ನಗಲಿಲ್ಲ. ಬುತ್ತಿ ಕೊಟ್ಟು, “ಬಿಸಿ ಇದ್ದಾಗ ಉಣ್ಣಾಕ ಹೇಳ್ರಿ ಅವರಿಗಿ” ಎಂದು ಹೊರಟುಹೋದರು. ಹೊರಗೆ ಬಂದ ಲಕ್ಷ್ಮಣನಿಗೆ ‘ಏನೋ, ನಿಮ್ಮಪ್ಪ ನಿನಗ ಅವ್ರು ಇವ್ರು ಅಂತಾರ’ ಎಂದು ಕೀಟಲೆ ಮಾಡಿದೆ. ಅವನ ಮುಖ ಸುಟ್ಟ ಬದನೆಕಾಯಿಯಂತೆ ಕುಗ್ಗಿತು. ಆಗ ಎಲ್ಲವನ್ನೂ ಹೇಳಿದ.

ನನಗೆ ಮೈಯೆಲ್ಲ ಉರಿಯಿತು. ತೋಬಾ, ಎಂಥ ಕಲ್ಲೆದೆಯ ಮನುಷ್ಯ! ಹೆತ್ತ ಮಗನಿಗೆ ಎರಡೇಟು ಹೊಡೆದು ಮುಗಿಸಬಾರದೇ? ಮರ್ಯಾದೆಯ ಮಾತಿನಲ್ಲೇ ದಿನಾ ಚುಚ್ಚುವುದು ಯಾವ ಶಿಕ್ಷೆ? ಹೀಗೆಂದು ಮನಸ್ಸಿನಲ್ಲೇ ಬೈದೆ, ಬಾಯಲ್ಲೂ ಬೈದೆ. ಮುಂದೆ ಅವರು ಬುತ್ತಿ ತಂದಾಗಲೆಲ್ಲ ಮುಖ ಕೊಟ್ಟು ಮಾತಾಡಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಪ್ರಚಾರದ ಕೆಲಸದ ನಡುವೆ ಲಕ್ಷ್ಮಣ ಮೈಕ್ ಮುಂದೆ ಬೇರೇನೋ ಗುನುಗುವುದು ಕೇಳಿಸಿತು. ನಾನು ಮೆಲ್ಲಗೆ ರೆಕಾರ್ಡಿಂಗ್ ಗುಂಡಿ ಒತ್ತಿದೆ. ಹೀಗೆ ಶುರುವಾಯಿತು ಹೊಸ ಆಲ್ಬಂ. ಏಳು ಹಾಡು. ಹೆಸರು ‘ರೀ’.

“ಈ ಸಲ ಒಂದೂ ಲೇ ಇಲ್ಲ ಆಪಾ, ಎಲ್ಲಾ ರೀ” ಎಂದ. “ಯಾರಿಗಿ ಚುಚ್ಚಬೇಕೋ ಅವರಿಗಿ ಚುಚ್ಚತೈತಿ, ಅಪ್ಪನ ಮ್ಯಾಲೆ ಒಂದು ಮಾತೂ ಬರೂದಿಲ್ಲ. ಅವನ ಸಿಟ್ಟು ಇಳಿದು ಒಮ್ಮಿ ‘ಲೇ ಲಕ್ಷ್ಮ್ಯಾ’ ಅಂದ್ರ ಸಾಕು ನನಗ. ಮಂದಿ ಕೇಳಿದ್ರ ಕೇಳ್ಲಿ, ಬಿಟ್ರ ಬಿಡ್ಲಿ.”

ಅದರಲ್ಲಿನ ಮೂರನೆಯ ಹಾಡು ಹಾಡಿದಾಗ ನಾನು ಕೌದಿಯ ಹಿಂದೆ ನಿಂತು ಅತ್ತೆ.

‘ಭತ್ತ ನಿಮ್ದ್ರಿ, ಬದು ನಿಮ್ದ್ರಿ,
ಕಾಲುವಿ ನೀರಿನ ಸದ್ದು ನಿಮ್ದ್ರಿ,
ಕುರ್ಚಿ ನಿಮ್ದ್ರಿ, ಕಟ್ಟಿ ನಿಮ್ದ್ರಿ,
ನಿಂತು ನಿಂತು ಬಾತ ಕಾಲು, ಅಷ್ಟ ನಮ್ದ್ರಿ.’

ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಹಾಡು. ಯಾರನ್ನೂ ಬೈದಿಲ್ಲ, ಯಾರನ್ನೂ ಬಿಟ್ಟಿಲ್ಲ.

ಬಿಡುಗಡೆಯ ಸಂಭ್ರಮವನ್ನೂ ಹೇಳುತ್ತೇನೆ, ಕೇಳಿ. ನಮ್ಮ ಪ್ರಚಾರದ ಆಟೋ ಓಡಿಸುವ ಜಬೀವುಲ್ಲಾ ‘ಪುಕ್ಕಟೆ ಹಚ್ಚಿ ತಿರುಗತೀನಿ’ ಎಂದು ಉಮೇದಿನಿಂದ ಮಸ್ಕಿಯ ಓಣಿಗಳಲ್ಲಿ ಆಲ್ಬಂ ಹಾಕಿಕೊಂಡು ಹೊರಟ. ಲಕ್ಷ್ಮಣನ ದನಿ ಕೇಳಿದ್ದೇ ತಡ, ಹೆಂಗಸರು ಕೊಡ ಹಿಡಿದು ಹೊರಗೆ ಬಂದರಂತೆ. ಒಬ್ಬಳು “ನೀರು ಯಾವಾಗ ಬಿಡ್ತಾರಂತ ಲಗೂ ಹೇಳಾಕ ಏನಾಗೇತಿ, ರಾಗ ಯಾಕ ಎಳೀತೀರಿ” ಎಂದು ಬೈದಳಂತೆ. ಇನ್ನೊಬ್ಬಳು ಸೇಲ್ ಎಲ್ಲಿ ಎಂದು ಕೇಳಿದಳಂತೆ. ಯೂಟ್ಯೂಬಿನಲ್ಲಿ ವಾರದ ಮೇಲೆ ನೋಡಿದರೆ ಅರವತ್ತಮೂರು ಮಂದಿ ಕೇಳಿದ್ದರು. ಅದರಲ್ಲಿ ಇಪ್ಪತ್ತು ಸಲ ನಾನೇ. ಕತ್ತೆಗೇನು ಗೊತ್ತು ಕಸ್ತೂರಿ ಎಂದು ಊರಿಗೆಲ್ಲ ಶಾಪ ಹಾಕಿದೆ.

ಲಕ್ಷ್ಮಣನಿಗೆ ಆ ಚಿಂತೆ ಇರಲಿಲ್ಲ. ಮನೆಯಲ್ಲಿ ಅಪ್ಪನನ್ನು ಕೂಡಿಸಿ ಏಳೂ ಹಾಡು ಕೇಳಿಸಿದ. ಆ ಹೊತ್ತಿಗೆ ಬಸ್ಸಪ್ಪನವರು ನಿವೃತ್ತರಾಗಿದ್ದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರಂತೆ. ಕೊನೆಗೆ ಚಸ್ಮಾ ತೆಗೆದು ಅಂಗಿಯ ಅಂಚಿಗೆ ಒರೆಸಿ, “ಭಾಳ ಚಲೋ ಬರದೀರಿ” ಎಂದರಂತೆ.

“ಬರದೀರಿ ಅಂದ ಆಪಾ,” ಎಂದು ಮರುದಿನ ಬಂದು ನನ್ನ ಮುಂದೆ ಕುಸಿದು ಕೂತ. “ಇನ್ನೂ ಸಿಟ್ಟು ಹೋಗಿಲ್ಲ.”

ನಾವಿಬ್ಬರೂ ಎಂಥ ಮೂರ್ಖರು! ಕಿವಿ ಇಟ್ಟುಕೊಂಡೇ ಹೊಟ್ಟೆ ಹೊರೆಯುವವರು, ಆ ಒಂದು ಮಾತು ನಮಗೆ ಕೇಳಿಸಲಿಲ್ಲ.

ಅದಾದ ತಿಂಗಳಿಗೆ ಅನಿಲಕುಮಾರನ ಫೋನು ಬಂತು. ಈಗ ಅವನು ಸಂಘ ಕಟ್ಟಿದ್ದಾನೆ, ಮುಂದಿನ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದಾನೆ. ಯಾರೋ ಅವನಿಗೆ ಹಾಡು ಕೇಳಿಸಿದ್ದರು. ಲಕ್ಷ್ಮಣ ಫೋನಿನ ಸ್ಪೀಕರ್ ಹಚ್ಚಿದ, ನಾನೂ ಕೇಳಿದೆ.

“ಏ ಲಕ್ಷ್ಮ್ಯಾ, ಭಾಳ ಖುಷಿ ಆತಲೇ. ಐದು ವರ್ಷದಾಗ ಎಷ್ಟು ಶಾಣ್ಯಾ ಆಗೀ! ರೀ, ರೀ ಅಂತ ಎಷ್ಟು ಚಂದ ಮರ್ಯಾದಿ ಕೊಟ್ಟೀದಿ. ಬರೂ ಐತಾರ ಸಿಂಧನೂರಾಗ ನಮ್ಮ ಸಂಘದ ಕಾರ್ಯಕ್ರಮ ಐತಿ. ನಿನಗ ಸನ್ಮಾನ ಮಾಡ್ತೀವಿ. ನಿಮ್ಮಪ್ಪನ್ನೂ ಕರಕೊಂಡು ಬಾ.”

ಮೂರ್ಖನಿಗೆ ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ. ಲಕ್ಷ್ಮಣ ಫೋನು ಇಟ್ಟ. ಆಮೇಲೆ ಕೇಳಿದ, “ಹೋಗಲೇನ್ ಆಪಾ?”

ಇಲ್ಲಿಯೇ ನನ್ನ ತಪ್ಪು. ಬೇಡ ಎನ್ನಬೇಕಿತ್ತು. ಮೂರೂ ಊರಿಗೆ ಬುದ್ಧಿ ಹೇಳುವ ವಸೀಮಾ, ಅವತ್ತು ಏನಂದೆ? “ಹೋಗು. ಅವತ್ತು ಕಟ್ಟಿ ಕೆಳಗ ನಿಂತಿದ್ರಿ, ಇವತ್ತು ಸ್ಟೇಜ್ ಮ್ಯಾಲೆ ನಿಂದ್ರತೀರಿ. ನಿಮ್ಮಪ್ಪನ ಕಣ್ಣಾಗ ಅದು ಬೀಳ್ಲಿ. ಆಗ ನೋಡು, ಸಿಟ್ಟು ಹ್ಯಾಂಗ ಇಳೀತೈತಿ” ಎಂದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಅಪ್ಪನನ್ನು ಕೇಳಿದನಂತೆ. “ಹೋಗೂದು ಬಿಡೂದು ನಿಮ್ಮ ವಿಚಾರ ರೀ. ನೀವು ಕರದ್ರ ನಾ ಬರ್ತೀನಿ” ಎಂದರಂತೆ.

ಭಾನುವಾರ ಹನ್ನೊಂದು ಗಂಟೆಗೆ ಸಿಂಧನೂರಿನ ಒಂದು ಕಲ್ಯಾಣ ಮಂಟಪ. ಮುಂದಿನ ಸಾಲಿನ ಸೋಫಾಗಳಲ್ಲಿ ಜಮೀನಿನವರು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಉಳಿದವರು. ನಾನು ಮತ್ತು ಬಸ್ಸಪ್ಪನವರು ಹಿಂದೆ ಕೂತೆವು. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಶಾಲೆಯ ಸಿಪಾಯಿಯಂತೆಯೇ ನೆಟ್ಟಗೆ ಕೂತಿದ್ದರು.

ಅನಿಲಕುಮಾರ ಮೈಕ್ ಹಿಡಿದ. “ನಮ್ಮೂರ ಹುಡುಗ. ಮೊದಲ ಸ್ವಲ್ಪ ದಾರಿ ತಪ್ಪಿದ್ದ, ಈಗ ಸರಿ ಹೋಗ್ಯಾನ. ಬಾರಲೇ ಲಕ್ಷ್ಮ್ಯಾ, ಮ್ಯಾಲೆ ಬಾ.”

ಹೋದ. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ಹಿಡಿದರು. “ಹಾಡಲೇ, ಆ ಭತ್ತದ ಹಾಡು ಹಾಡು” ಎಂದ ಅನಿಲಕುಮಾರ.

ಲಕ್ಷ್ಮಣ ಕಣ್ಣು ಮುಚ್ಚಿ ಶುರು ಮಾಡಿದ. ‘ಭತ್ತ ನಿಮ್ದ್ರಿ’ ಎಂದ. ಮುಂದಿನ ಸಾಲಿನಿಂದ ಯಾರೋ “ನಮ್ದ!” ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ‘ಬದು ನಿಮ್ದ್ರಿ’ ಎಂದ. ಈ ಸಲ ಸೋಫಾಗಳೆಲ್ಲ ಕೂಡಿ ಕೂಗಿದವು, “ನಮ್ದ!” ಕಾಲುವೆಯ ಸದ್ದು ನಿಮ್ಮದು, “ನಮ್ದ!” ಕುರ್ಚಿ ನಿಮ್ಮದು, “ನಮ್ದ!” ಅವರಿಗೆ ಅದು ಭಜನೆಯ ಹಾಗೆ ಹಿಡಿಸಿಬಿಟ್ಟಿತ್ತು. ‘ನಿಂತು ನಿಂತು ಬಾತ ಕಾಲು’ ಎನ್ನುವ ಸಾಲು ಬರುವ ಹೊತ್ತಿಗೆ ಶಿಳ್ಳೆ, ಚಪ್ಪಾಳೆ, ಒಂದಕ್ಷರ ಕೇಳಿಸಲಿಲ್ಲ. ಯಾರಿಗಾಗಿ ಬರೆದ ವ್ಯಂಗ್ಯವೋ ಅವರೇ ಅದನ್ನು ಬಾಯಿ ಚಪ್ಪರಿಸಿ ತಿಂದರು.

ಅಲ್ಲಿಗೆ ಮುಗಿದಿದ್ದರೂ ಚಿಂತೆ ಇರಲಿಲ್ಲ, ಹಾಡು ಹಾಡೇ ಆಗಿ ಉಳಿಯುತ್ತಿತ್ತು. ಅನಿಲಕುಮಾರ ಬೆನ್ನು ತಟ್ಟಿ “ಖುಷಿ ಆತೇನಲೇ?” ಎಂದು ಮೈಕನ್ನು ಅವನ ಬಾಯಿಗೆ ಹಿಡಿದ. ಲಕ್ಷ್ಮಣ ಸ್ವಲ್ಪ ಬಾಗಿದ. ಹಿಂದಿನ ಸಾಲಿನಲ್ಲಿದ್ದ ಅಪ್ಪನ ಕಡೆ ಆಸೆಯಿಂದ ನೋಡಿದ. ಆಮೇಲೆ, “ಭಾಳ ಉಪಕಾರ ಆತ್ರಿ ಸಾವ್ಕಾರ್ರ” ಎಂದ.

ಆ ರೀ ಹಾಡಿನದಾಗಿರಲಿಲ್ಲ. ದನಿಗಳ ಜೊತೆಗೇ ಬದುಕುವವಳು ನಾನು, ನನಗೆ ಗೊತ್ತಾಯಿತು. ಅದು ಒಳಗಿನಿಂದ ಬಂದ, ತಾತ ಸಾರಿದಂಥ, ಅಪ್ಪ ಕಟ್ಟೆಯ ಕೆಳಗೆ ಅಂದಂಥ ರೀ. ಪಕ್ಕಕ್ಕೆ ತಿರುಗಿದೆ. ಬಸ್ಸಪ್ಪನವರು ಚಸ್ಮಾ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಲಿಂಗಸುಗೂರಿನ ಬಸ್ಸು ಹಿಡಿದೆವು. ಮಸ್ಕಿ ನಡುದಾರಿಯಲ್ಲೇ ಸಿಗುತ್ತದೆ. ನಾನು ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಅವರಿಬ್ಬರ ಹಿಂದಿನ ಸೀಟಿನಲ್ಲಿ ಕೂತೆ. ಲಕ್ಷ್ಮಣ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡು ಹಿಗ್ಗಿಹೋಗಿದ್ದ. ಹದಿನೈದು ಕಿಲೋಮೀಟರ್ ಕಾದು ನೋಡಿದ. ಅಪ್ಪ ಕಿಟಕಿಯ ಹೊರಗಿನ ಗದ್ದೆ ನೋಡುತ್ತಿದ್ದರು.

“ಅಪ್ಪಾ, ಚಲೋ ಆತಿಲ್ಲೋ?”

“ಒಂದು ಮಾತು ಕೇಳ್ತೀನ್ರಿ,” ಎಂದರು ಬಸ್ಸಪ್ಪನವರು, ಇನ್ನೂ ಹೊರಗೇ ನೋಡುತ್ತ. “ಐದು ವರ್ಷ ನಿಮಗ ನಾ ರೀ ಅಂದೆ. ಯಾಕಂತ ತಿಳಕೊಂಡೀರಿ?”

“ಸಿಟ್ಟಿಗಿ ಅಪ್ಪಾ. ನಿನ್ನ ಆ ಕಟ್ಟಿ ಮುಂದ ನಿಂದರಿಸಿದ್ನಲ್ಲಾ ನಾನು, ಅದಕ್ಕ.”

“ಸಿಟ್ಟ?” ಬಸ್ಸಪ್ಪನವರು ಈಗ ತಿರುಗಿ ಮಗನನ್ನು ನೋಡಿದರು. ಅವರ ದನಿ ಏರಲಿಲ್ಲ. “ನಮ್ಮಪ್ಪ ಆ ಮಂದಿಗಿ ರೀ ಅಂದ. ನಾ ಅಂದೆ. ಅವತ್ತು ಎರಡು ತಾಸು ತಪ್ಪಾತ್ರಿ ತಪ್ಪಾತ್ರಿ ಅಂದೆ. ನನ್ನ ಬೆನ್ನ ಹಿಂದ ನೀವು ನಿಂತಿದ್ರಿ. ಬಾಯಿ ಬಿಡಲಿಲ್ಲ. ಹಾಡು ಅಳಿಸಿದ್ರಿ ಖರೇ, ಆದ್ರ ಅವಗ ಒಂದು ರೀ ಅನ್ನಲಿಲ್ಲ. ನಮ್ಮ ಮನಿತನದಾಗ ಆ ಕಟ್ಟಿ ಮುಂದ ನಿಂತು ರೀ ಅನ್ನದ ಮನಷ್ಯಾ ನೀವೊಬ್ರ. ಅಂಥವಗ ಊರಾಗ ಯಾರೂ ರೀ ಅನ್ನೂದಿಲ್ಲ. ಹೆತ್ತ ಅಪ್ಪ ನಾನರ ಅನಬೇಕಲ್ಲ, ಅಂತ ಅಂದೆ.”

ಎರಡು ವರ್ಷ ಆ ಮನುಷ್ಯನಿಗೆ ಮುಖ ಕೊಡದೆ ಇದ್ದವಳು ನಾನು. ಬುತ್ತಿ ಹಿಡಿದು ಮೆಟ್ಟಿಲಲ್ಲಿ ನಿಂತು ‘ಲಕ್ಷ್ಮಣ ಅವ್ರು ಅದಾರೇನ್ರಿ’ ಎಂದದ್ದು ಈಗ ಬೇರೆಯಾಗಿ ಕೇಳಿಸಿತು. ಲಕ್ಷ್ಮಣ ಮಡಿಲಿನ ಶಾಲನ್ನು ತೆಗೆದು ಸೀಟಿನ ಮೇಲೆ ಇಟ್ಟ.

ಬಸ್ಸು ನಿಧಾನವಾಯಿತು. ಕಂಡಕ್ಟರು ಬಾಗಿಲು ಬಡಿದು, “ಮಸ್ಕಿ ಯಾರ‍್ರಿ, ಲಗೂ ಇಳೀರಿ” ಎಂದ.

ಬಸ್ಸಪ್ಪನವರು ಎದ್ದು ನಿಂತರು. ಮಗ ಕೂತೇ ಇದ್ದ. ಅವನ ಹೆಗಲ ಮೇಲೆ ಕೈ ಇಟ್ಟರು.

“ಇಳಿಯಲೇ ಲಕ್ಷ್ಮ್ಯಾ,” ಎಂದರು.

ಎಷ್ಟು ಮೆಲ್ಲಗೆ ಅಂದರೆಂದರೆ, ಅಕ್ಕಪಕ್ಕದ ಸೀಟಿನವರಿಗೆ ಅದು ಮುದ್ದಿನಂತೆಯೇ ಕೇಳಿಸಿರಬೇಕು. ಲಕ್ಷ್ಮಣ ಶಾಲು ಎತ್ತಿಕೊಂಡು ಅಪ್ಪನ ಹಿಂದೆ ಇಳಿದುಹೋದ.